ಹಳಿ ಹೋಯ್ತು, ಏರಿ ಇನ್ನೂ ಇದೆ

ನಮ್ಮ ಕಾಕಾ ಮೀಟರ್ ಗೇಜ್ ಕಾಲದಲ್ಲಿ, ಅಂದರೆ ರೈಲು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದಾಗ, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಈ ದೀಪಾವಳಿಗೆ ವಿಜಯಪುರ ಜಿಲ್ಲೆಯ ನಮ್ಮೂರಿಗೆ ಹೋದಾಗ ಅವರನ್ನು ಕರೆದುಕೊಂಡು ಹಳೇ ಲೈನಿನ ಏರಿ ಮೇಲೆ ನಡೆದೆ. ಗದಗ–ಹೊಟಗಿ ಮಾರ್ಗ ಅಗಲ ಹಳಿಯ ಬ್ರಾಡ್ ಗೇಜ್ ಆದಾಗ ನಮ್ಮೂರ ಪಕ್ಕದ ತಿರುವು ಬಿಟ್ಟು ನೇರವಾಗಿ ಹೊಸ ಹಳಿ ಹಾಕಿದರು. ಮೀಟರ್ ಗೇಜ್‌ನಲ್ಲಿ 16 ಡಿಗ್ರಿವರೆಗಿನ ತಿರುವು ನಡೆಯುತ್ತಿತ್ತು, ಬ್ರಾಡ್ ಗೇಜ್‌ಗೆ 10 ಡಿಗ್ರಿಯೇ ಮಿತಿ (ಡಿಗ್ರಿ ಹೆಚ್ಚಾದಷ್ಟೂ ತಿರುವು ಬಿಗಿ), ಅದರ ಮೇಲೆ ಗಾಡಿ ಜೋರಾಗಿ ಓಡಬೇಕು. ಹಾಗಾಗಿ ಹಳೇ ಏರಿ ಅಲ್ಲೇ ಉಳಿಯಿತು.

1876–78ರ ಬರದ ನಂತರ, ಇನ್ನೊಮ್ಮೆ ಅಂಥ ಬರ ಬಂದರೆ ಕಾಳು ತಲುಪಲಿ ಅಂತ ಹಾಕಿದ ಲೈನು ಇದು. 1884ರಲ್ಲಿ ಗಾಡಿ ಓಡಿತು. ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ಕಾಲಿಡೋದೇ ಕಷ್ಟ, ಆದರೆ ಈ ಏರಿ ಮೇಲೆ ನಡೆದರೆ ಚಪ್ಪಲಿಗೆ ಕೆಸರು ಹತ್ತೋದಿಲ್ಲ. ಗರಸು ಹಾಕಿ ಎತ್ತರಿಸಿದ್ದಾರೆ, ಹಳ್ಳ ಬಂದಲ್ಲೆಲ್ಲ ಕಲ್ಲಿನ ಕಿರುಸೇತುವೆ ಕಟ್ಟಿದ್ದಾರೆ. "ತಮ್ಮಾ, ಈ ಮಣ್ಣು ಹೊರಾಕ ಎಷ್ಟು ಮಂದಿ ಬೆವರ ಸುರಿಸ್ಯಾರೋ ಏನೋ. ಒಮ್ಮಿ ಕಿತ್ತರ ಮತ್ತ ಯಾರ್ ಹಾಕ್ತಾರ?" ಅಂದರು ಕಾಕಾ. ಅವರು ಕೈ ಮಾಡಿ ತೋರಿಸಿದಲ್ಲಿ ಏರಿ ಅರ್ಧ ಇರಲಿಲ್ಲ, ಯಾರೋ ಟ್ರ್ಯಾಕ್ಟರ್‌ನಲ್ಲಿ ಗರಸು ಹೇರಿಕೊಂಡು ಹೋಗಿದ್ದರು. ಇನ್ನೊಂದು ಕಡೆ ಹೊಲದ ಬದು ಒಳಗೆ ಸರಿದು ಬಂದಿತ್ತು.

ನನಗೆ ಹೊಟ್ಟೆ ಉರಿದದ್ದು ಅಲ್ಲೇ. ಯಾಕೆಂದರೆ ತಮ್ಮನ ಮನೆಗೆ ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್‌ನಿಂದ ಸೇಂಟ್ ಐವ್ಸ್ ಊರಿಗೆ ಇಂಥದ್ದೇ ಹಳೇ ರೈಲಿನ ಜಾಗದಲ್ಲಿ ಬಸ್‌ನಲ್ಲಿ ಹೋಗಿದ್ದೆ. ಅಲ್ಲಿ ಪ್ರಯಾಣಿಕರ ರೈಲು 1970ರಲ್ಲೇ ನಿಂತಿತ್ತು. 2011ರಲ್ಲಿ ಅದೇ ಜಾಗದಲ್ಲಿ ಕಾಂಕ್ರೀಟಿನ ದಾರಿ ಮಾಡಿ, ಬಸ್ಸಿಗೆ ಎರಡೂ ಬದಿ ಸಣ್ಣ ಚಕ್ರ ಕೂರಿಸಿ ಓಡಿಸಿದರು. ಅಂಚಿನ ಕಟ್ಟೆಗೆ ಆ ಚಕ್ರ ತಾಗಿಕೊಂಡು ಬಸ್ಸು ತಾನೇ ದಾರಿ ಹಿಡಿಯುತ್ತೆ, ಡ್ರೈವರ್ ಸ್ಟೀರಿಂಗ್ ತಿರುಗಿಸಬೇಕಿಲ್ಲ. ಪಕ್ಕದಲ್ಲೇ ಸೈಕಲ್ ದಾರಿ. ಲಾಸ್ ಏಂಜಲೀಸ್‌ನಲ್ಲಂತೂ 1991ರಲ್ಲಿ ಹಳೇ ರೈಲು ಜಾಗ ಕೊಂಡಿಟ್ಟುಕೊಂಡರು, ಬಸ್ಸು ಓಡಿದ್ದು 2005ರಲ್ಲಿ. ಅಷ್ಟು ವರ್ಷ ಜಾಗ ಚೂರಾಗದೆ ಉಳಿದಿತ್ತು, ಅದೇ ದೊಡ್ಡದು. ಮೇಲೆ ಏನು ಓಡಬೇಕು ಅನ್ನೋದನ್ನು ಆಮೇಲೆ ಯೋಚಿಸಬಹುದು, ಆದರೆ ತುಂಡಾದ ಜಾಗವನ್ನು ಮತ್ತೆ ಒಬ್ಬೊಬ್ಬರಿಂದ ಕೊಳ್ಳೋದಕ್ಕೆ ಯಾವ ಸರ್ಕಾರದ ಹತ್ತಿರವೂ ಅಷ್ಟು ಹಣ, ತಾಳ್ಮೆ ಇರೋದಿಲ್ಲ.

ಜಪಾನಿನ ತೊಯಾಮಾ ಊರಿನ ಕಥೆ ನನಗೆ ಇನ್ನೂ ಇಷ್ಟ. ಜನ ಹತ್ತದೆ ಸೊರಗಿದ್ದ ಒಂದು ರೈಲು ಲೈನನ್ನು 2006ರಲ್ಲಿ ಟ್ರಾಮ್ ಮಾಡಿ, ನಿಲ್ದಾಣ ಹೆಚ್ಚಿಸಿ, ಹದಿನೈದು ನಿಮಿಷಕ್ಕೊಂದು ಗಾಡಿ ಬಿಟ್ಟರು. ಕೆಲಸದ ದಿನಗಳಲ್ಲಿ ಹತ್ತುವವರು ಸುಮಾರು ಎರಡರಷ್ಟಾದರು.

ಇದನ್ನೆಲ್ಲ ಕಾಕಾಗೆ ಹೇಳುತ್ತಾ ನಡೆದೆ. "ನಮ್ಮ ಹಳ್ಳಿಗೆ ಟ್ರಾಮ್ ಬ್ಯಾಡ ಬಿಡು, ಹುಡುಗ್ರಿಗೆ ಸಾಲಿ ಮುಟ್ಟಾಕ ಒಂದು ದಾರಿ ಸಾಕು" ಅಂದರು. ಖರೇ ಮಾತು. ನಮ್ಮೂರ ಹೈಸ್ಕೂಲ್ ಮಕ್ಕಳು ಡಾಂಬರು ರಸ್ತೆ ಸುತ್ತಿ, ಟಂಟಂ ತುಂಬೋವರೆಗೆ ಕಾದು, ಹಿಂದೆ ಜೋತುಬಿದ್ದು ಹೋಗ್ತಾರೆ. ಈ ಏರಿ ನೇರ ಶಾಲೆಯ ಹಿಂದೆ ಹೋಗಿ ಮುಟ್ಟುತ್ತೆ. ಒಂದು ಮಿನಿ ಬಸ್ಸು, ಪಕ್ಕದಲ್ಲಿ ಸೈಕಲ್ ಹೋಗುವಷ್ಟು ಜಾಗ, ಇಷ್ಟಕ್ಕೆ ಅಗಲ ಸಾಕಷ್ಟಿದೆ.

ಮೊದಲು ಬೇಕಾದ್ದು ಅಳತೆ. ಗಡಿ ಎಲ್ಲಿದೆ ಅಂತ ಕಾಕಾಗೆ ಗೊತ್ತು, ಹಳೇ ಗಡಿಕಲ್ಲುಗಳನ್ನು ಒಂದೊಂದಾಗಿ ತೋರಿಸಿದರು, ನಾನು ಫೋಟೋ ತೆಗೆದುಕೊಂಡೆ. ಊರ ನಕ್ಷೆಯ ಪ್ರತಿಗೆ ಅರ್ಜಿ ಬರೆದಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ಗರಸು ಅಗೆಯೋದನ್ನು ನಿಲ್ಲಿಸಬೇಕು, ಈ ಜಾಗ ರೈಲ್ವೆಯಿಂದ ಊರಿಗೆ ಸಿಗುವಂತೆ ಠರಾವು ಮಾಡಬೇಕು ಅಂತ ಕೇಳ್ತೀವಿ. ಮಾತಾಡೋದು ಕಾಕಾನೇ.