ಕೈಯಲ್ಲೇ ಒಡೆಯುವ ಕಲ್ಲು, ಒಳಗೊಂದು ಸಮುದ್ರ

ಅಮೆರಿಕದ ಒಹಾಯೋ ರಾಜ್ಯದ ಸಿಲ್ವೇನಿಯಾ ಊರಲ್ಲಿ ಒಂದು ಫಾಸಿಲ್ ಪಾರ್ಕ್ ಇದೆ, ಫಾಸಿಲ್ ಅಂದರೆ ಕಲ್ಲಲ್ಲಿ ಉಳಿದ ಹಳೇ ಜೀವಿಗಳ ಅವಶೇಷ. ಹತ್ತಿರದ ಕ್ವಾರಿಯಿಂದ ತಂದು ಸುರಿದ ಬೂದು ಬಣ್ಣದ ಜೇಡಿಪದರ ಕಲ್ಲಿನ ರಾಶಿ, ಅಷ್ಟೇ. ಸುತ್ತಿಗೆ, ಉಳಿ ಒಳಗೆ ಬಿಡಲ್ಲ. ಬೇಕಾಗೂ ಇಲ್ಲ, ಕಲ್ಲು ಅಷ್ಟು ಮೆದು, ಬೆರಳಲ್ಲೇ ಪದರ ಬಿಡಿಸಬಹುದು.

ಈ ಕಲ್ಲು ಡೆವೋನಿಯನ್ ಕಾಲದ್ದು, ಸುಮಾರು 38 ಕೋಟಿ ವರ್ಷ ಹಳೆಯದು. ಆಗ ಈ ಜಾಗ ಸಮಭಾಜಕದ ದಕ್ಷಿಣಕ್ಕಿತ್ತು, ಮೇಲೆ ಬೆಚ್ಚಗಿನ, ಆಳವಿಲ್ಲದ ಸಮುದ್ರ. ಸತ್ತ ಜೀವಿಗಳ ಮೇಲೆ ನುಣುಪು ಕೆಸರು ಕೂತಿತು, ಕೆಸರೇ ಕಲ್ಲಾಯಿತು.

ನನಗೆ ಮೊದಲು ಸಿಕ್ಕಿದ್ದು ಬ್ರಾಕಿಯೋಪಾಡ್ ಎಂಬ ಚಿಪ್ಪಿನ ಕಡಲಜೀವಿ. ನೋಡೋಕೆ ನಮ್ಮ ಮಳಿ ಚಿಪ್ಪಿನ ಹಾಗೆ, ಆದರೆ ಎರಡಕ್ಕೂ ಹತ್ತಿರದ ನಂಟಿಲ್ಲ. ಕೊಂಬಿನ ಆಕಾರದ ಹವಳ ಅಂತೂ ಜಾಸ್ತಿ ಸಿಗುತ್ತೆ.

ಆಮೇಲೆ ಟ್ರೈಲೋಬೈಟ್! ಯಾವತ್ತೋ ಅಳಿದುಹೋದ, ಗಟ್ಟಿ ಕವಚದ ಕಡಲಜೀವಿ ಅದು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಮುಟ್ಟಿದ ಚೋರಟೆ ಸುರುಳಿ ಸುತ್ತಿಕೊಳ್ಳುತ್ತಲ್ವಾ, ಥೇಟ್ ಹಾಗೇ ಮುದುಡಿ ಕೂತಿತ್ತು. ಭಯ ಬಿದ್ದಾಗ ಹೊಟ್ಟೆಯ ಮೆದು ಭಾಗ ಕಾಪಾಡಿಕೊಳ್ಳೋಕೆ ಅವು ಹೀಗೆ ಮಾಡುತ್ತಿದ್ದವು. ಲೆನ್ಸ್ ಹಿಡಿದು ನೋಡಿದೆ. ಕಣ್ಣಲ್ಲಿ ಸಾಲುಸಾಲು ಗುಂಡು ಚುಕ್ಕೆಗಳು, ಒಂದೊಂದೂ ಒಂದು ಮಸೂರ, ಅದೂ ಕ್ಯಾಲ್ಸೈಟ್ ಎಂಬ ಖನಿಜದ್ದು, ಅದಕ್ಕೇ ಇಷ್ಟು ಕಾಲ ಉಳಿದಿದೆ.

ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು ಅಲ್ಲಿ. ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ದಿನಕ್ಕೊಮ್ಮೆಯಾದರೂ ತೆಗೆದು ನೋಡುತ್ತೇನೆ.