ಥರ್ಮಾಮೀಟರ್ ಹೇಳದ ಚಳಿ: ಮೌಂಟ್ ವಾಷಿಂಗ್ಟನ್ನಿನ ಹನ್ನೆರಡು ತಿಂಗಳು

12 ಏಪ್ರಿಲ್ 2025, ಶನಿವಾರ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಗಾಳಿ ಗಂಟೆಗೆ 372 ಕಿ.ಮೀ. ಮುಟ್ಟಿ ಇವತ್ತಿಗೆ 91 ವರ್ಷ. 1934ರ ಏಪ್ರಿಲ್ 12, ಮಧ್ಯಾಹ್ನ 1 ಗಂಟೆ 21 ನಿಮಿಷ. ಈ ದಾಖಲೆ ಮುರಿದದ್ದು 1996ರಲ್ಲಿ, ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಮೇಲೆ ಹಾದುಹೋದ ಒಲಿವಿಯಾ ಚಂಡಮಾರುತದಲ್ಲಿ (408 ಕಿ.ಮೀ.). ಅದು ಯಂತ್ರ ತಾನಾಗಿಯೇ ಬರೆದುಕೊಂಡ ಅಂಕಿ. ಪಕ್ಕದಲ್ಲಿ ಮನುಷ್ಯರು ಕೂತು ಅಳೆದ ಗಾಳಿಗಳಲ್ಲಿ ಇವತ್ತಿಗೂ ಈ ಬೆಟ್ಟದ್ದೇ ಮೊದಲ ಸ್ಥಾನ.

ಎತ್ತರ ಎಷ್ಟು ಗೊತ್ತೇ? 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 13 ಮೀಟರ್ ಗಿಡ್ಡ. ಹಾಗಾಗಿ ಎತ್ತರವೊಂದನ್ನೇ ಕಾರಣ ಮಾಡುವ ಹಾಗಿಲ್ಲ. ಬೆಟ್ಟ ಇರುವುದು 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕೆನಡಾದಿಂದ ಇಳಿಯುವ ತಣ್ಣನೆ ಗಾಳಿ, ಅಟ್ಲಾಂಟಿಕ್ ತೀರದುದ್ದಕ್ಕೂ ಏರಿಬರುವ ಬಿರುಗಾಳಿ, ಪಶ್ಚಿಮದಿಂದ ಖಂಡ ದಾಟಿ ಬರುವ ಮೋಡದ ಸಾಲು, ಮೂರರ ದಾರಿಯೂ ಇಲ್ಲೇ ಹತ್ತಿರ ಹತ್ತಿರ ಹಾಯುತ್ತದೆ. ಪರ್ವತಸಾಲು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಮಲಗಿದೆ, ಗಾಳಿ ಬರುವುದು ಹೆಚ್ಚಾಗಿ ಪಶ್ಚಿಮ ಮತ್ತು ವಾಯವ್ಯದಿಂದ. ಅಡ್ಡ ಸಿಕ್ಕ ಗೋಡೆಯನ್ನು ಹತ್ತಿ ದಾಟುವ ಗಾಳಿ ಮೇಲಿನ ವಾಯುಪದರಕ್ಕೂ ಶಿಖರಕ್ಕೂ ನಡುವೆ ಇಕ್ಕಟ್ಟಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮುವ ಹಾಗೆ. ತಮಾಷೆಯೆಂದರೆ 1934ರ ಆ ಗಾಳಿ ಬಂದದ್ದು ಮಾತ್ರ ಆಗ್ನೇಯದಿಂದ.

ವರ್ಷದ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗೆ. ಜನವರಿಯ ಸರಾಸರಿ ಮೈನಸ್ 15ರ ಆಸುಪಾಸು, ಜುಲೈನದ್ದು 9ರಿಂದ 10. 1932ರಿಂದೀಚೆಗಿನ ದಾಖಲೆಯಲ್ಲಿರುವ ಅತಿ ಹೆಚ್ಚು ಸೆಕೆ 22 ಡಿಗ್ರಿ, ಅತಿ ಕಡಿಮೆ ಮೈನಸ್ 44. ಈ ಮೈನಸ್ 44 ಎರಡು ಸಲ ಬಂದಿದೆ: 1934ರ ಜನವರಿಯಲ್ಲಿ, ಮತ್ತೆ 2023ರ ಫೆಬ್ರವರಿ 4ರಂದು. ಎರಡನೆಯ ಸಲ ವಿಂಡ್ ಚಿಲ್ (ಗಾಳಿಯೂ ಸೇರಿ ಮೈಗೆ ಅನ್ನಿಸುವ ಚಳಿಯ ಅಂಕಿ) ಮೈನಸ್ 78ಕ್ಕೆ ಇಳಿದಿತ್ತು, ಪತ್ರಿಕೆಗಳೆಲ್ಲ ಅದನ್ನೇ ತಲೆಬರಹ ಮಾಡಿದವು.

ಆ ವಿಂಡ್ ಚಿಲ್ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಈಗ ಬಳಕೆಯಲ್ಲಿರುವ ಸೂತ್ರದಲ್ಲಿ ಮೈನಸ್ 15 ಡಿಗ್ರಿ ಇಟ್ಟು ಲೆಕ್ಕ ಹಾಕಿ. ಗಾಳಿ 20 ಕಿ.ಮೀ. ಇದ್ದರೆ ಮೈನಸ್ 24, 70 ಇದ್ದರೆ ಮೈನಸ್ 30, 120 ಇದ್ದರೆ ಮೈನಸ್ 33. ಅಂದರೆ 70ರಿಂದ 120ಕ್ಕೆ ಏರಿದರೂ ಚಳಿಯ ಅಂಕಿ ಮೂರೇ ಡಿಗ್ರಿ ಜಾರುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 70 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 20 ಕಿಲೋ ತೂಕದಷ್ಟು ಒತ್ತಿದರೆ, 120 ಕಿ.ಮೀ. ಗಾಳಿ ಹತ್ತಿರಹತ್ತಿರ 60 ಕಿಲೋ ಒತ್ತುತ್ತದೆ. ಮೊದಲನೆಯದರಲ್ಲಿ ಬಾಗಿ ನಡೆಯಬಹುದು, ಎರಡನೆಯದರಲ್ಲಿ ನಿಲ್ಲುವುದೇ ಕಷ್ಟ. ಮುನ್ಸೂಚನೆ ಓದುವಾಗ ಕಣ್ಣು ಮೊದಲು ಗಾಳಿಯ ಸಾಲಿಗೆ ಹೋಗಬೇಕು, ಆಮೇಲೆ ವಿಂಡ್ ಚಿಲ್‌ಗೆ, ಕೊನೆಗೆ ತಾಪಮಾನಕ್ಕೆ. 119 ಕಿ.ಮೀ. ದಾಟಿದರೆ ಚಂಡಮಾರುತದ ಮಟ್ಟ. ಇಲ್ಲಿ ವರ್ಷಕ್ಕೆ ಸರಾಸರಿ 110 ದಿನ ಆ ಮಟ್ಟ ದಾಟುತ್ತದೆ, ಅದರಲ್ಲಿ ಹೆಚ್ಚಿನವು ಚಳಿಗಾಲದಲ್ಲಿ.

ಇನ್ನು ರೈಮ್. ಇದು ಹಿಮವೂ ಅಲ್ಲ, ಮಂಜುಗಡ್ಡೆಯೂ ಅಲ್ಲ ಅನ್ನಿಸುವ ಬಿಳಿ ಗರಿ. ವರ್ಷದ ಸುಮಾರು 60% ಹೊತ್ತು ಶಿಖರ ಮೋಡದ ಒಳಗೇ ಇರುತ್ತದೆ. ಆ ಮೋಡದ ಹನಿಗಳು ಸೊನ್ನೆಗಿಂತ ಕೆಳಗಿಳಿದರೂ ನೀರಾಗಿಯೇ ಉಳಿದಿರುತ್ತವೆ. ಕಂಬಕ್ಕೋ ತಂತಿಗೋ ಬಡಿದ ಕ್ಷಣ ಗಟ್ಟಿಯಾಗುತ್ತವೆ. ಗರಿ ಬೆಳೆಯುವುದು ಗಾಳಿ ಹೋಗುವ ದಿಕ್ಕಿಗಲ್ಲ, ಗಾಳಿ ಬರುವ ದಿಕ್ಕಿಗೆ. ಹಾಗಾಗಿ ಮೋಡ ಸರಿದ ಮೇಲೆ ಗರಿಯ ತುದಿ ಎತ್ತ ಮುಖ ಮಾಡಿದೆ ಎಂದು ನೋಡಿದರೆ ರಾತ್ರಿಯ ಗಾಳಿ ಯಾವ ಕಡೆಯಿಂದ ಬಂತೆಂದು ಗೊತ್ತಾಗುತ್ತದೆ. ತಾಪಮಾನ ಸೊನ್ನೆಯ ಹತ್ತಿರವೇ ಇದ್ದರೆ ಹನಿ ಹರಡಿಕೊಂಡು ಗಟ್ಟಿಯಾಗಿ, ಗಾಜಿನಂತಹ ಪಾರದರ್ಶಕ ಗ್ಲೇಜ್ ಆಗುತ್ತದೆ. ರೈಮ್ ಒಂದೇಟಿಗೆ ಉದುರುತ್ತದೆ, ಗ್ಲೇಜ್ ಜಪ್ಪಯ್ಯ ಅಂದರೂ ಬಿಡದು.

ಉಪಕರಣಗಳ ಪಾಡು ಇಲ್ಲಿಂದಲೇ ಶುರು. ಗಾಳಿಯ ವೇಗ ಅಳೆಯುವ, ಬಟ್ಟಲು ತಿರುಗುವ ಮಾಮೂಲಿ ಅನಿಮೋಮೀಟರ್ ರೈಮ್ ಹಿಡಿದು ನಿಧಾನವಾಗುತ್ತದೆ, ಆಮೇಲೆ ನಿಂತೇಬಿಡುತ್ತದೆ, ಕಾಗದದ ಮೇಲೆ ಗಾಳಿ ಶಾಂತ ಎಂದು ಬರುತ್ತದೆ. 1932ರಿಂದ ಶಿಖರದಲ್ಲಿರುವ ವೀಕ್ಷಣಾಲಯ ಇದಕ್ಕೆ ಕಂಡುಕೊಂಡ ಉಪಾಯ, ಉಪಕರಣವನ್ನೇ ಬಿಸಿ ಮಾಡುವುದು. 1934ರದ್ದೂ ಹಾಗೆ ಬಿಸಿ ಮಾಡಿದ್ದೇ. ಈಗ ಮುಖ್ಯವಾಗಿ ಬಳಸುವುದು ಬಿಸಿ ಮಾಡಿದ ಪಿಟೋ ಕೊಳವೆ, ವಿಮಾನದಲ್ಲಿರುವಂಥದ್ದು. ತಿರುಗುವ ಬಟ್ಟಲುಗಳಿಲ್ಲ, ಗಾಳಿಗೆ ಎದುರಾದ ರಂಧ್ರದ ಒತ್ತಡಕ್ಕೂ ಸುತ್ತಲಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ ವೇಗ ತೆಗೆಯುತ್ತಾರೆ. ಇಲ್ಲೊಂದು ತೊಡಕಿದೆ. ಶಿಖರದಲ್ಲಿ ವಾಯುಭಾರ ಸುಮಾರು 800 ಹೆಕ್ಟೋಪಾಸ್ಕಲ್ ಮಾತ್ರ, ಅಂದರೆ ಗಾಳಿ ಸಮುದ್ರಮಟ್ಟದ್ದಕ್ಕಿಂತ ತೆಳು. ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಇಟ್ಟು ಲೆಕ್ಕ ಮಾಡಿದರೆ, ಮೈನಸ್ 15ರ ದಿನ ವೇಗ ನಿಜಕ್ಕಿಂತ ಸುಮಾರು 6% ಕಡಿಮೆ ಬರುತ್ತದೆ. ಇಷ್ಟೆಲ್ಲ ಬಿಸಿ ಇದ್ದರೂ ಸುತ್ತಲಿನ ಕಂಬ, ಕಂಬಿಗಳ ಮೇಲೆ ಕಟ್ಟಿದ ರೈಮ್ ಗಾಳಿಯ ಹರಿವನ್ನು ಕೆಡಿಸುತ್ತದೆ. ಅದಕ್ಕೇ ಗೋಪುರ ಹತ್ತಿ ಹಾರೆಯಿಂದ ಬಡಿದು ಬಿಡಿಸುವ ಕೆಲಸ ಇವತ್ತಿಗೂ ತಪ್ಪಿಲ್ಲ. ಬಡಿಯಬೇಕಾದ್ದು ಕಂಬಕ್ಕೆ. ಕೈತಪ್ಪಿ ಸೆನ್ಸರಿಗೆ ತಗುಲಿದರೆ ಗಂಟೆಗಟ್ಟಲೆ ದಾಖಲೆ ಹೋಯಿತು.

ತಾಪಮಾನ ಮತ್ತು ತೇವಾಂಶ ಅಳೆಯಲು ಸ್ಲಿಂಗ್ ಸೈಕ್ರೋಮೀಟರ್ ಇದೆ: ಎರಡು ಥರ್ಮಾಮೀಟರ್, ಒಂದರ ಬುರುಡೆಗೆ ಒದ್ದೆ ಬಟ್ಟೆ, ಹಿಡಿಕೆ ಹಿಡಿದು ಗರಗರ ತಿರುಗಿಸುವುದು. ಸೊನ್ನೆಗಿಂತ ಕೆಳಗೆ ಈ ಒದ್ದೆ ಬಟ್ಟೆ ಮೋಸ ಮಾಡುತ್ತದೆ. ಅದರ ನೀರು ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿದ್ದರೆ, ಮಂಜುಗಡ್ಡೆ ಕಟ್ಟಿದ ಬಟ್ಟೆಗೆಂದು ಇರುವ ಕೋಷ್ಟಕ ನೋಡಿ ತೆಗೆದ ತೇವಾಂಶ ತಪ್ಪು. ಒಂದು ಚೂರು ಹಿಮವನ್ನು ಬಟ್ಟೆಗೆ ತಾಗಿಸಿದರೆ ಥಟ್ಟನೆ ಹೆಪ್ಪಾಗುತ್ತದೆ, ಆಮೇಲೆ ತಿರುಗಿಸಿ ಅಂಕಿ ನಿಂತ ಮೇಲೆ ಓದಬೇಕು. ಪಾದರಸ ಮೈನಸ್ 39ಕ್ಕೇ ಗಟ್ಟಿಯಾಗುವುದರಿಂದ ಮೈನಸ್ 44 ಓದಲು ಆಲ್ಕೋಹಾಲಿನ ಥರ್ಮಾಮೀಟರೇ ಗತಿ.

ಹಿಮ ಅಳೆಯುವುದು ಎಲ್ಲಕ್ಕಿಂತ ಒರಟು ಲೆಕ್ಕ. ವರ್ಷಕ್ಕೆ ಸರಾಸರಿ ಸುಮಾರು 7 ಮೀಟರ್ ಬೀಳುತ್ತದೆ. 1968–69ರ ಋತುವಿನಲ್ಲಿ 14 ಮೀಟರ್ ದಾಟಿತ್ತು, ಆ ಫೆಬ್ರವರಿಯಲ್ಲಿ ಒಂದೇ ದಿನದಲ್ಲಿ ಸುಮಾರು 125 ಸೆಂ.ಮೀ. ಆದರೆ ಕೋಲು ನೆಟ್ಟು ಅಳೆಯೋಣವೆಂದರೆ ಶಿಖರದಲ್ಲಿ ಹಿಮ ನಿಲ್ಲುವುದೇ ಇಲ್ಲ, ಬಂಡೆ ಬೋಳಾಗಿ ಕಾಣುತ್ತದೆ. ಆರು ಗಂಟೆಗೊಮ್ಮೆ ಡಬ್ಬಿ ಬದಲಿಸಿ, ಸಿಕ್ಕಿದ್ದನ್ನು ಕರಗಿಸಿ, ನೀರನ್ನು ಅಳತೆ ಕೊಳವೆಗೆ ಸುರಿಯುತ್ತಾರೆ. ಜೋರು ಗಾಳಿಯಲ್ಲಿ ಬೀಳುವ ಹಿಮ ಡಬ್ಬಿಯ ಬಾಯಿ ದಾಟಿ ಹಾರಿಹೋಗುತ್ತದೆ, ಜೊತೆಗೆ ಎಂದೋ ಬಿದ್ದ ಹಿಮ ಎದ್ದು ಬಂದು ಒಳಗೆ ಸೇರುತ್ತದೆ. ಒಂದು ತಪ್ಪು ಕಡಿಮೆ ತೋರಿಸುತ್ತದೆ, ಇನ್ನೊಂದು ಹೆಚ್ಚು. ಎರಡೂ ಸಮವಾಗಿ ಕಳೆದುಹೋಗುತ್ತವೆ ಎಂದು ನಂಬುವವರು ನಂಬಲಿ.

ಹಾರಿಹೋದ ಹಿಮ ಸೇರುವುದು ಪೂರ್ವ ಇಳಿಜಾರಿನ ಟಕರ್‌ಮನ್ ಕಣಿವೆಗೆ. ಅಲ್ಲಿ ಹಲವು ಮೀಟರ್ ದಪ್ಪಕ್ಕೆ ತುಂಬಿ, ಏಪ್ರಿಲ್–ಮೇ ತಿಂಗಳಲ್ಲಿ ಸ್ಕೀ ಆಡುವವರನ್ನು ಕರೆಯುತ್ತದೆ. ಅಪಾಯ ಕಣ್ಣಿಗೆ ಬೀಳದ ಕಡೆ ಇರುತ್ತದೆ: ಕರಗಿದ ನೀರು ಹಿಮದ ಅಡಿಯಲ್ಲಿ ತೊರೆಯಾಗಿ ಹರಿದು ಟೊಳ್ಳು ಮಾಡಿರುತ್ತದೆ, ಮೇಲಿನ ಪದರ ಗಟ್ಟಿಯಾಗಿಯೇ ಕಾಣುತ್ತದೆ. ಬಿಸಿಲೇರಿದ ಮಧ್ಯಾಹ್ನ ಬಂಡೆಯ ಮೇಲಿಂದ ಮಂಜುಗಡ್ಡೆಯ ತುಂಡುಗಳೂ ಕಳಚಿ ಬೀಳುತ್ತವೆ.

ಬೇಸಿಗೆಯಲ್ಲಿ ಗಾಳಿಯ ಸರಾಸರಿ ವೇಗ ಜನವರಿಯದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ತಪ್ಪುವ ಚಾರಣಿಗರು ಹೆಚ್ಚಾಗಿ ತಪ್ಪುವುದು ಆಗಲೇ. ಬುಡದ ಪಿಂಕಮ್ ನಾಚ್ ಎಂಬ ಕಣಿವೆದಾರಿ ಸುಮಾರು 620 ಮೀಟರ್ ಎತ್ತರದಲ್ಲಿದೆ. ಶಿಖರಕ್ಕೆ 1,300 ಮೀಟರ್ ವ್ಯತ್ಯಾಸ, ಅಂದರೆ ಎಂಟರಿಂದ ಒಂಬತ್ತು ಡಿಗ್ರಿ ಕಡಿಮೆ. ಅದರ ಮೇಲೆ ಮಳೆ, ಅದರ ಮೇಲೆ ಗಾಳಿ. ಸುಮಾರು 1,340 ಮೀಟರಿನ ಮೇಲೆ ಮರಗಳೂ ಇಲ್ಲ, ಮರೆ ನಿಲ್ಲಲು ಜಾಗವಿಲ್ಲ. ಒದ್ದೆಯಾದ ಹತ್ತಿ ಬಟ್ಟೆ 5 ಡಿಗ್ರಿಯಲ್ಲೇ ಮೈಯ ಶಾಖವನ್ನು ಹೀರಿಬಿಡುತ್ತದೆ. 1855ರಲ್ಲಿ ಲಿಜ್ಜೀ ಬೋರ್ನ್ ಎಂಬಾಕೆ ಶಿಖರಕ್ಕೆ ಇನ್ನೇನು ಸ್ವಲ್ಪವೇ ದೂರದಲ್ಲಿ ಪ್ರಾಣ ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಮರಗಳ ಸಾಲು ದಾಟುವ ಮೊದಲೇ ಉಣ್ಣೆ ಮತ್ತು ಗಾಳಿತಡೆ ಕೋಟು ಹಾಕಿಕೊಳ್ಳಬೇಕು. ದಾಟಿದ ಮೇಲೆ ಚೀಲ ಬಿಚ್ಚಿದರೆ ಕೋಟೇ ಹಾರಿಹೋಗುತ್ತದೆ.

ಹಿಮದ ಖಾತೆಯನ್ನು ಜೂನ್ 30ಕ್ಕೆ ಮುಚ್ಚಿ ಜುಲೈ 1ಕ್ಕೆ ಹೊಸ ಪುಟ ತೆರೆಯುತ್ತಾರೆ. ಜುಲೈ, ಆಗಸ್ಟ್ ಸಾಲುಗಳಲ್ಲಿ ಅಳತೆಗೆ ಸಿಗದಷ್ಟು ಅತ್ಯಲ್ಪ ಹಿಮ ಎಂದು ಆಗಾಗ ಕಾಣುತ್ತದೆ. ಅದನ್ನು ನೋಡಿ ಬೇಸಿಗೆಯಲ್ಲೂ ಹಿಮ ಬಿತ್ತೆಂದು ಬರೆಯುವ ಮುನ್ನ ಆ ದಿನದ ಟಿಪ್ಪಣಿ ಓದಿ. ಕೆಲವೊಮ್ಮೆ ಅದು ಬರೀ ಆಲಿಕಲ್ಲು.