ಏಳನೇ ವಾರ ಎಲ್ಲಿ ಹೋಯಿತು?

ಶಾಲೆಯಲ್ಲಿ ನಮಗೆ ಕಲಿಸಿದ ಮಾಸ್ತರು ತೀರಿಕೊಂಡದ್ದು ಈ ಸಲದ ತಪಸ್ಸು ಕಾಲದ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸ ಕಾಲದ, ಒಂದು ಶನಿವಾರ. ಮುಂಬೈ, ಮಡಗಾಂವ ಕಡೆಯಿಂದ ಬರುವವರಿಗೆ ರಜೆಯ ದಿನ ಅನುಕೂಲ, ಮರುದಿನವೇ ಮಣ್ಣು ಮಾಡೋಣ ಎಂದು ಮನೆಯವರು ಅಂದುಕೊಂಡಿದ್ದರಂತೆ. ಅದು ಆಗುವ ಮಾತಾಗಿರಲಿಲ್ಲ. ನಮ್ಮ ಕಥೋಲಿಕ ಚರ್ಚಿನಲ್ಲಿ ತಪಸ್ಸು ಕಾಲದ ಭಾನುವಾರಗಳಲ್ಲಿ ಶವಸಂಸ್ಕಾರದ ಬಲಿಪೂಜೆ ಇಡುವಂತಿಲ್ಲ. ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ, ಪಾಸ್ಕ ಹಬ್ಬದಿಂದ ಶುರುವಾಗುವ ಪಾಸ್ಕ ಕಾಲದ ಭಾನುವಾರಗಳಿಗೂ ಅದೇ ಕಟ್ಟಳೆ. ಸೋಮವಾರ ಸಂಜೆ ಪೂಜೆ ನಡೆಯಿತು. ಶುಭಸಂದೇಶ, ಅಂದರೆ ಯೇಸುವಿನ ಚರಿತ್ರೆ, ಓದುವುದಕ್ಕೆ ಮುಂಚೆ ಅಲ್ಲೆಲೂಯ ಎಂಬ ಸಂತೋಷದ ಘೋಷ ಹಾಡಲಿಲ್ಲ, ತಪಸ್ಸು ಕಾಲದಲ್ಲಿ ಅದು ಶವಪೂಜೆಗೂ ಇಲ್ಲ. ಪರವೂರಿನಿಂದ ಬಂದ ಒಬ್ಬಿಬ್ಬರು ಹಾಡಲು ಬಾಯಿ ತೆರೆದವರು ನಮ್ಮ ಬ್ಯಾಚಿನವರ ಮುಖ ನೋಡಿ ಸುಮ್ಮನಾದರು. ನಮ್ಮಲ್ಲಿ ಯಾರೂ ಆ ತಪ್ಪು ಮಾಡುವುದಿಲ್ಲ. ಅದಕ್ಕೊಂದು ಕಾರಣ ಇದೆ, ಮುಂದೆ ಹೇಳುತ್ತೇನೆ.

ಕಾರವಾರದ ಆ ಶಾಲೆಯಲ್ಲಿ ಅವರು ಉಳಿದ ದಿನ ಗಣಿತದ ಮಾಸ್ತರು, ಶನಿವಾರ ಮಧ್ಯಾಹ್ನ ದೊತೊರ್ನ್, ಅಂದರೆ ಧರ್ಮಪಾಠದ, ಮಾಸ್ತರು. ಗಣಿತದ ಪಠ್ಯದಲ್ಲಿ ಏನೇನಿತ್ತು ಎಂದು ಈಗ ಕೇಳಿದರೆ ನಮ್ಮಲ್ಲಿ ಹೇಳುವವರು ಸಿಗುವುದು ಕಷ್ಟ. ಆದರೆ ವರ್ಷ ಹೇಳಿದರೆ ಸಾಕು, ಆ ವರ್ಷ ಯಾರ ಶುಭಸಂದೇಶ ಓದುತ್ತಾರೆ, ಎಷ್ಟನೇ ವಾರ ಬಿಟ್ಟುಹೋಗುತ್ತದೆ ಎಂಬುದನ್ನು ಬೆರಳ ಮೇಲೆ ಎಣಿಸಿ ಹೇಳುತ್ತೇವೆ.

ಅವರ ತರಗತಿಯ ಗೋಡೆಯ ಮೇಲೆ ಒಂದು ರಟ್ಟಿನ ಚಕ್ರ ಇತ್ತು. ದಿನಕ್ಕೆ ಎರಡು ಮಿಲಿಮೀಟರ್‌ನಂತೆ 365 ದಿನಕ್ಕೆ 730 ಮಿಲಿಮೀಟರ್ ಸುತ್ತಳತೆ. ಹಾಗಾದರೆ ತ್ರಿಜ್ಯ 11.6 ಸೆಂಟಿಮೀಟರ್. ಈ ಲೆಕ್ಕವನ್ನು ನಮ್ಮಿಂದಲೇ ಮಾಡಿಸಿ, ಆಮೇಲೆ ಕೈವಾರ ಕೊಡುತ್ತಿದ್ದರು. ಹೊರಚಕ್ರದ ಮೇಲೆ ತಾರೀಖು ಬದಲಾಗದ ಹಬ್ಬಗಳು: ಮಾರ್ಚ್ 19 ಸಂತ ಜೋಸೆಫರು, 25 ಮಂಗಳವಾರ್ತೆ, ಜೂನ್ 24 ಸ್ನಾನಿಕ ಯೊವಾನ್ನರು, 29 ಪೇತ್ರ ಮತ್ತು ಪೌಲರು, ಆಗಸ್ಟ್ 15 ಮರಿಯ ಮಾತೆಯ ಸ್ವರ್ಗಸ್ವೀಕಾರ, ಸೆಪ್ಟೆಂಬರ್ 8 ಮಾತೆಯ ಜನನ, ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್, 25 ಕ್ರಿಸ್ತಜಯಂತಿ. ಅದರೊಳಗೆ ತಿರುಗುವ ಇನ್ನೊಂದು ಚಕ್ರ, ನಡುವೆ ಅಚ್ಚಿಗೆ ಹಳೆಯ ಕೊಡೆಯ ಕಡ್ಡಿಯ ತುಂಡು. ಒಳಚಕ್ರದಲ್ಲಿ ಇದ್ದದ್ದು ನಾಲ್ಕೇ ಗೀಟು: ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಅಲ್ಲಿಂದ 46 ದಿನಕ್ಕೆ ಪಾಸ್ಕ, ಪಾಸ್ಕದಿಂದ 39 ದಿನಕ್ಕೆ ಯೇಸುವಿನ ಸ್ವರ್ಗಾರೋಹಣ, 49 ದಿನಕ್ಕೆ ಪವಿತ್ರಾತ್ಮ ಇಳಿದುಬಂದ ಪೆಂತೆಕೋಸ್ತ್. ಪಾಸ್ಕದ ಗೀಟನ್ನು ಆ ವರ್ಷದ ತಾರೀಖಿಗೆ ಕೂಡಿಸಿದರೆ ಉಳಿದ ಮೂರು ತಾವಾಗಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತವೆ. ಒಳಚಕ್ರದ ಅಂಚು ಹೊರಗಿನ ಗೀಟುಗಳನ್ನು ಮುಟ್ಟುವಂತಿರಬೇಕು. ಸಣ್ಣದಾದರೆ ಒಂದು ದಿನದ ಅಂತರ ಕಣ್ಣಿಗೆ ಸಿಗುವುದಿಲ್ಲ. ಅಧಿಕ ವರ್ಷದಲ್ಲಿ ಮಾತ್ರ ಚಕ್ರ ತಪ್ಪು ಹೇಳುತ್ತದೆ. ಫೆಬ್ರುವರಿ 29ಕ್ಕೆ ಅದರಲ್ಲಿ ಜಾಗವಿಲ್ಲ. 2024ರ ಪಾಸ್ಕ ಮಾರ್ಚ್ 31. ಚಕ್ರ ಬೂದಿಯನ್ನು ಫೆಬ್ರುವರಿ 13ಕ್ಕೆ ತೋರಿಸುತ್ತದೆ, ಆ ದಿನ ಮಂಗಳವಾರ. ಅಂಥ ವರ್ಷ ಒಂದು ಗೀಟು ಮುಂದೆ ಎಣಿಸಿ 14 ಎನ್ನಬೇಕು.

ಪಾಸ್ಕದ ತಾರೀಖು ಹಿಡಿಯುವುದು ಹೇಗೆ? "ತಮಾ, ಮೊದ್ಲು ಚಂದ್ರನ್ನ ನೋಡು, ಆಮೇಲೆ ಕ್ಯಾಲೆಂಡರ್" ಎನ್ನುತ್ತಿದ್ದರು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆಯ ನಂತರದ ಭಾನುವಾರ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರ. ಆದ್ದರಿಂದ ಪಾಸ್ಕ ಮಾರ್ಚ್ 22ಕ್ಕಿಂತ ಮುಂಚೆ ಬಾರದು, ಏಪ್ರಿಲ್ 25 ದಾಟದು. ತರಗತಿಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳಿದ್ದರು, ಅವರ ಮನೆಗಳಲ್ಲಿ ಪಂಚಾಂಗ ಇತ್ತು. ಅದನ್ನು ತರಿಸಿ, ಈ ಹುಣ್ಣಿಮೆ ಹೋಳಿಯದೋ ಹನುಮ ಜಯಂತಿಯದೋ ಎಂದು ನೋಡಿಸುತ್ತಿದ್ದರು. 2024ರಲ್ಲಿ ಹೋಳಿ ಹುಣ್ಣಿಮೆ, 2025ರಲ್ಲಿ ಹನುಮ ಜಯಂತಿಯ ಹುಣ್ಣಿಮೆ. ಈ ವರ್ಷ, 2026ರಲ್ಲಿ, ಹನುಮ ಜಯಂತಿ ಏಪ್ರಿಲ್ 2, ಮರುದಿನವೇ ಶುಭ ಶುಕ್ರವಾರ, 5ಕ್ಕೆ ಪಾಸ್ಕ. ಅತ್ತ ಶಿವರಾತ್ರಿ ಫೆಬ್ರುವರಿ 15, 18ಕ್ಕೆ ಬೂದಿ ಬುಧವಾರ. ಶುಭ ಶುಕ್ರವಾರ ಹುಣ್ಣಿಮೆಗೆ ಅಂಟಿಕೊಂಡು ಬಂದ ಇಂಥ ವರ್ಷ ಸಮುದ್ರದ ಭರತಿ ಎಷ್ಟು ಏರುತ್ತದೆ ಎಂದು ಕಾರವಾರದ ಮೀನುಗಾರರ ಕೇರಿ ಬೈತಖೋಲದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಂಚಾಂಗ ನೋಡಿ ಮೋಸಹೋಗುವುದೂ ಉಂಟು. ಚರ್ಚಿನ ಚಂದ್ರ ಆಕಾಶದ ಚಂದ್ರನಲ್ಲ. ಹತ್ತೊಂಬತ್ತು ವರ್ಷಕ್ಕೊಮ್ಮೆ ಮರಳುವ ಕೋಷ್ಟಕದ ಚಂದ್ರ. 2019ರಲ್ಲಿ ಆಕಾಶದ ಹುಣ್ಣಿಮೆ ಮಾರ್ಚ್ 21ಕ್ಕೆ ಬಂತು, ಕೋಷ್ಟಕದ್ದು 20ಕ್ಕೇ ಮುಗಿದಿತ್ತು. ಆಕಾಶ ನೋಡಿ ಎಣಿಸಿದವರಿಗೆ ಮಾರ್ಚ್ 24 ಸಿಕ್ಕಿತು. ಪಾಸ್ಕ ಆಚರಿಸಿದ್ದು ಏಪ್ರಿಲ್ 21ಕ್ಕೆ.

ಭಾನುವಾರ ಯಾರು ಬರೆದ ಶುಭಸಂದೇಶ ಓದಬೇಕೆಂದು ಹೇಳುವ ವರ್ಷದ ಹೆಸರು ಇದಕ್ಕಿಂತ ಸುಲಭ. ಇಸವಿಯನ್ನು ಮೂರರಿಂದ ಭಾಗಿಸಿ ಒಂದು ಉಳಿದರೆ ಎ ವರ್ಷ, ಮತ್ತಾಯ. ಎರಡು ಉಳಿದರೆ ಬಿ, ಮಾರ್ಕ. ಏನೂ ಉಳಿಯದಿದ್ದರೆ ಸಿ, ಲೂಕ. ಶುಭಸಂದೇಶ ಬರೆದ ನಾಲ್ಕನೆಯವನು ಯೊವಾನ್ನನಿಗೆ ಬೇರೆ ವರ್ಷವಿಲ್ಲ. ಪಾಸ್ಕ ಕಾಲದಲ್ಲಿ ಹೆಚ್ಚಾಗಿ ಅವನೇ. ವಾರದ ದಿನಗಳ ಮೊದಲನೆಯ ವಾಚನಕ್ಕೆ (ಪೂಜೆಯಲ್ಲಿ ಓದುವ ಬೈಬಲ್ ಭಾಗಕ್ಕೆ) ಮಾತ್ರ ಸಾಧಾರಣ ಕಾಲದಲ್ಲಿ, ಅಂದರೆ ಹಬ್ಬದ ಕಾಲಗಳು ಬಿಟ್ಟು ಉಳಿದ ವಾರಗಳಲ್ಲಿ, ಸರಿ ಇಸವಿ, ಬೆಸ ಇಸವಿ ಎಂದು ಎರಡು ಸರದಿ. ಹುಡುಗರು ತಪ್ಪುತ್ತಿದ್ದದ್ದು ಡಿಸೆಂಬರಿನಲ್ಲಿ. ಚರ್ಚಿನ ವರ್ಷ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಆರಂಭವಾಗುತ್ತದೆ. ಅಂದಿನಿಂದಲೇ ಮುಂದಿನ ಇಸವಿಯನ್ನು ಭಾಗಿಸಬೇಕು. ಹೋದ ಡಿಸೆಂಬರಿನಲ್ಲಿ 2025ನ್ನು ಭಾಗಿಸಿ ಲೂಕನ ಪುಟ ತೆರೆದವರು ಇದ್ದಾರೆ. ಆಗಲೇ ಮತ್ತಾಯ ಬಂದಾಗಿತ್ತು.

ಈಗ ಆ ಅಲ್ಲೆಲೂಯದ ವಿಷಯ. ಶಾಲೆಯಲ್ಲಿ ತಪಸ್ಸು ಕಾಲದ ಒಂದು ಪೂಜೆ. ವಾಚನ ಗ್ರಂಥದಲ್ಲಿ ಗುರುತಿಗೆ ಕೆಂಪು ರಿಬ್ಬನ್ ಇಟ್ಟಿರುತ್ತಾರೆ. ನಮ್ಮ ತರಗತಿಯ ಇಬ್ಬರು ಅದನ್ನು ತಪಸ್ಸು ಕಾಲದ ಮೂರನೇ ವಾರದಿಂದ ಎತ್ತಿ ಪಾಸ್ಕ ಕಾಲದ ಮೂರನೇ ವಾರಕ್ಕೆ ಇಟ್ಟರು. ಎರಡು ಪುಟಗಳ ತಲೆಯಲ್ಲೂ 'ಮೂರನೇ ವಾರ' ಎಂದೇ ಇರುತ್ತದೆ, ಕಾಲದ ಹೆಸರು ಮಾತ್ರ ಬೇರೆ. ಓದುವ ಹುಡುಗ ಅದನ್ನು ಗಮನಿಸಲಿಲ್ಲ. 'ಪ್ರೇಷಿತರ ಕಾರ್ಯಕಲಾಪಗಳು' ಎಂಬ ಬೈಬಲ್ ಪುಸ್ತಕದಿಂದ ಓದಿದ, ಯಾರಿಗೂ ಏನೂ ಅನಿಸಲಿಲ್ಲ. ಕೀರ್ತನೆ ಮುಗಿಸಿ, ಬೂದಿ ಬಳಿದು ಮೂರು ವಾರವಾದ ಆ ಮೌನದೊಳಗೆ, ಗಟ್ಟಿಯಾಗಿ "ಅಲ್ಲೆಲೂಯ, ಅಲ್ಲೆಲೂಯ" ಎಂದ. ಪೀಠದ ಬಳಿ ಫಾದರ್ ತಲೆ ಎತ್ತಿದರು.

ಮಾಸ್ತರು ಬೆತ್ತ ಮುಟ್ಟಲಿಲ್ಲ. ಆ ಇಬ್ಬರನ್ನು ಕರೆದು, ಬೂದಿಯಿಂದ ಪಾಸ್ಕದವರೆಗೆ 46 ದಿನ ಇದ್ದರೂ 40 ದಿನದ ಉಪವಾಸ ಎನ್ನುವುದೇಕೆ ಎಂದು ಕೇಳಿದರು. ಆರು ಭಾನುವಾರ ಕಳೆಯಬೇಕೆಂದು ಹೊಳೆಯುವವರೆಗೆ ಹಲಗೆಯ ಮುಂದೆ ನಿಲ್ಲಿಸಿದರು. ಅಲ್ಲೆಲೂಯ ಮತ್ತೆ ಯಾವಾಗ ಬರುತ್ತದೆ ಎಂದು ಗ್ರಂಥದಲ್ಲಿ ಹುಡುಕಿಸಿದರು. ಪವಿತ್ರ ಶನಿವಾರ ರಾತ್ರಿಯ ಜಾಗರಣೆಯಲ್ಲಿ, ಹಳೆಯ ಒಡಂಬಡಿಕೆಯ ಏಳು ವಾಚನ, ಪೌಲನ ಪತ್ರ ಎಲ್ಲ ಮುಗಿದ ಮೇಲೆ. ಏಳರಲ್ಲಿ ಕೆಲವನ್ನು ಬಿಡಬಹುದು, ಆದರೆ ಸಮುದ್ರ ಇಬ್ಭಾಗವಾಗುವ ವಿಮೋಚನಾಕಾಂಡದ 14ನೇ ಅಧ್ಯಾಯವನ್ನು ಬಿಡುವಂತಿಲ್ಲ. ಅದನ್ನೇ ಓದಲು ಅವರಿಬ್ಬರಲ್ಲಿ ಒಬ್ಬನನ್ನು ನಿಲ್ಲಿಸಿದರು. ಮೇಣದಬತ್ತಿಯ ಬೆಳಕಿನಲ್ಲಿ ಅವನು ಓದಿದ್ದನ್ನು ಕೇಳಿದ ನಮಗೆ, ಅದಾದ ಮೇಲೆ ಫಾದರ್ ಮೂರು ಸಲ ಏರುದನಿಯಲ್ಲಿ ಹಾಡಿದ ಅಲ್ಲೆಲೂಯ ಇಂದಿಗೂ ಕಿವಿಯಲ್ಲಿದೆ.

ಪೂಜೆಯಲ್ಲಿ ಓದುವುದನ್ನು ಕಲಿಸಿದವರು ಕನ್ನಡ ಪಾಠದ ಅಕ್ಕೋರು. ಕೆಂಪಕ್ಷರ ಕಣ್ಣಿಗೆ, ಕಪ್ಪಕ್ಷರ ಬಾಯಿಗೆ ಎಂಬುದು ಅವರ ಪಾಠ. 'ಮೊದಲನೆಯ ವಾಚನ' ಎಂಬ ತಲೆಬರಹವನ್ನಾಗಲಿ, ಕೆಳಗಿನ ಕೆಂಪು ಸಾರಾಂಶವನ್ನಾಗಲಿ ಓದಬಾರದು. ಪೆಂತೆಕೋಸ್ತಿನ ವಾಚನದಲ್ಲಿ ಪಾರ್ಥಿಯರು, ಮೇದ್ಯರು, ಎಲಾಮ್ಯರು ಎಂದು ಸಾಲುಗಟ್ಟಿ ಬರುವ ಹೆಸರುಗಳನ್ನು ಹದಿನೈದು ದಿನ ಮೊದಲೇ ಬಾಯಿಪಾಠ ಮಾಡಿಸುತ್ತಿದ್ದರು. ಮನೆಯಲ್ಲಿ ಪ್ರೊಟೆಸ್ಟೆಂಟರ 66 ಪುಸ್ತಕಗಳ ಸತ್ಯವೇದ ಇದ್ದ ಮಕ್ಕಳಿಗೆ ಸಿರಾಖನ ಪುಸ್ತಕ ಸಿಗುತ್ತಿರಲಿಲ್ಲ; 73 ಇರುವ ಬೈಬಲ್ಲನ್ನು ತಮ್ಮ ಚೀಲದಿಂದ ತೆಗೆದು ಕೊಡುತ್ತಿದ್ದರು. ಕೀರ್ತನೆಗೆ ಎರಡು ಸಂಖ್ಯೆ ಇದ್ದರೆ ಗಾಬರಿಯಾಗಬೇಡಿ, ಕುರಿಗಾಹಿಯ ಕೀರ್ತನೆ ಹೊಸ ಎಣಿಕೆಯಲ್ಲಿ 23, ಹಳೆಯದರಲ್ಲಿ 22 ಎಂದು ತಿಳಿಸಿದವರೂ ಅವರೇ.

ಮಾಸ್ತರರ ನಿಜವಾದ ಆಸಕ್ತಿ ಇದ್ದದ್ದು ಓದುವ ವಾಚನಗಳಿಗಿಂತ ಬಿಟ್ಟುಹೋಗುವ ವಾಚನಗಳಲ್ಲಿ. ಸಾಧಾರಣ ಕಾಲದ ವಾರಗಳು ಎರಡು ತುಂಡು: ಯೇಸುವಿನ ದೀಕ್ಷಾಸ್ನಾನದ ಹಬ್ಬದಿಂದ ಬೂದಿಯವರೆಗೆ ಒಂದು, ಪೆಂತೆಕೋಸ್ತಿನ ಮರುದಿನದಿಂದ ಆಗಮನ ಕಾಲದವರೆಗೆ ಇನ್ನೊಂದು. ಎರಡನೇ ತುಂಡನ್ನು ಮುಂದಿನಿಂದ ಎಣಿಸಬಾರದು, ಹಿಂದಿನಿಂದ ಎಣಿಸಬೇಕು. ಕ್ರಿಸ್ತರಾಜನ ಹಬ್ಬ ಯಾವಾಗಲೂ 34ನೇ ಭಾನುವಾರ; ಅದನ್ನು ಕಂಬದಂತೆ ಹಿಡಿದು ಹಿಂದಕ್ಕೆ ಬರಬೇಕು. ಈ ವರ್ಷ ನೋಡಿ. ಫೆಬ್ರುವರಿ 15 ಆರನೇ ಭಾನುವಾರ, ಆ ವಾರದಲ್ಲೇ ಬೂದಿ. ಕ್ರಿಸ್ತರಾಜನ ಹಬ್ಬ ನವೆಂಬರ್ 22. ಅಲ್ಲಿಂದ 26 ವಾರ ಹಿಂದೆ ಬಂದರೆ ಮೇ 24, ಪೆಂತೆಕೋಸ್ತ್. 34ರಲ್ಲಿ 26 ಕಳೆದರೆ ಎಂಟು. ಮೇ 25ರಿಂದ ಎಂಟನೇ ವಾರ. "ಹಾಗಾದ್ರೆ ಏಳನೇ ವಾರ ಎಲ್ಲಿ ಹೋಯ್ತು?" ಎಂದು ಇಂಥ ವರ್ಷಗಳಲ್ಲಿ ಕೇಳಿ ಅವರು ಸುಮ್ಮನೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಅದು ಎಲ್ಲಿಗೂ ಹೋಗಿಲ್ಲ, ಸಾಧಾರಣ ಕಾಲಕ್ಕೆ ಈ ವರ್ಷ ಇರುವುದು 33 ವಾರ ಮಾತ್ರ. ಬಿಡುವ ಒಂದು ವಾರ ನಡುವೆ ಬೀಳುತ್ತದೆ. ಗೊತ್ತಿಲ್ಲದವರು ಆರಾದ ಮೇಲೆ ಏಳು ಎಂದು ರಿಬ್ಬನ್ ಇಟ್ಟು, ನವೆಂಬರ್ ಕೊನೆಗೆ ಒಂದು ವಾರ ಕಡಿಮೆ ಬಿದ್ದಾಗ ಕಂಗಾಲಾಗುತ್ತಾರೆ.

ಅವರ ಹತ್ತಿರ ಉದ್ದದ ಒಂದು ವಹಿ ಇತ್ತು. ವರ್ಷಕ್ಕೊಂದು ಪುಟ, ತಲೆಯಲ್ಲಿ 'ಬಿಟ್ಟ ವಾಚನಗಳು'. ಈ ವರ್ಷದ ಪುಟ ತುಂಬುವುದಿತ್ತು. ಏಳನೇ ಭಾನುವಾರ ಇಲ್ಲವೇ ಇಲ್ಲ; ಎಂಟನೆಯದನ್ನು ಪೆಂತೆಕೋಸ್ತ್, ಒಂಬತ್ತನೆಯದನ್ನು ತ್ರೈಏಕ ದೇವರ ಹಬ್ಬ, ಹತ್ತನೆಯದನ್ನು ಪ್ರಭುವಿನ ಶರೀರ ಮತ್ತು ರಕ್ತದ ಹಬ್ಬ ತೆಗೆದುಕೊಂಡವು. ಅಂದರೆ ಇನ್ನೊಂದು ಕೆನ್ನೆ ತೋರಿಸೆಂಬ ಮಾತು, ಹೊಲದ ಹೂಗಳ ಮಾತು, ಬಂಡೆಯ ಮೇಲೆ ಕಟ್ಟಿದ ಮನೆ, ಸುಂಕದ ಕಟ್ಟೆಯಿಂದ ಮತ್ತಾಯನನ್ನು ಕರೆದದ್ದು, ಇವು ಮತ್ತಾಯನ ವರ್ಷದಲ್ಲೇ ಭಾನುವಾರ ಕೇಳಸಿಗುವುದಿಲ್ಲ. ಕೊನೆಯದು ಸೆಪ್ಟೆಂಬರ್ 21ಕ್ಕೆ ಸಂತ ಮತ್ತಾಯನ ಹಬ್ಬದಲ್ಲಿ ಬರುತ್ತದೆ, ಅಷ್ಟೇ ಸಮಾಧಾನ. ಹೀಗೆ ಬಿಟ್ಟದ್ದನ್ನೆಲ್ಲ ಮಾಸ್ತರು ಶನಿವಾರದ ತರಗತಿಯಲ್ಲಿ ತಪ್ಪದೆ ಓದಿಸುತ್ತಿದ್ದರು.

ಈಗಿನ ಮಕ್ಕಳಿಗೆ ಆ ದಿನದ ವಾಚನ ಬೆಳಿಗ್ಗೆ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ಆದರೆ ಹಿಂದಿನ ವಾರ ಏನಿತ್ತು, ಮುಂದಿನ ವಾರ ಏನು ಎಂಬುದು ಅದರಲ್ಲಿ ಕಾಣುವುದಿಲ್ಲ. ಇಂದಿನ ಶಾಲೆಗಳ ಪಾಠವೂ ಹೀಗೇ ತುಣುಕು ತುಣುಕಾಗಿದೆ ಎಂಬ ಬೇಸರ ನನಗಿದೆ. ಸಾಧಾರಣ ಕಾಲದ ಭಾನುವಾರ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಎರಡನೆಯದು ಹಾಗಲ್ಲ, ಒಂದು ಪತ್ರವನ್ನು ವಾರ ವಾರ ಮುಂದುವರಿಸುತ್ತದೆ. ಒಂದೇ ದಕ್ಕೆಯಿಂದ ಹೊರಟ ಬೇರೆ ದೋಣಿ ಅದು ಎನ್ನುತ್ತಿದ್ದರು ಮಾಸ್ತರು. ಒಂದೇ ದಿನದ ಪುಟ ನೋಡಿದವರು ಮೂರನ್ನೂ ಬಲವಂತವಾಗಿ ಗಂಟುಹಾಕಲು ಹೋಗುತ್ತಾರೆ, ಎಳೆ ಸಿಗದೆ ಕೈಬಿಡುತ್ತಾರೆ.

ನಮ್ಮ ಚರ್ಚಿನಲ್ಲಿ ವಾಚಕರ ಪಟ್ಟಿ ಮಾಡುವುದು ಹದಿನೇಳು ವರ್ಷದಿಂದ ನಾನೇ. ಒಂದು ಭಾನುವಾರದ ಪುಟವೂ ತಪ್ಪಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ವಹಿಯನ್ನು ಮನೆಯವರು ನನಗೆ ಕೊಟ್ಟರು. ಚಕ್ರ ಶಾಲೆಗೆ ಸೇರಬೇಕೆಂದು ಎಲ್ಲರೂ ಕೂಡಿ ತೀರ್ಮಾನಿಸಿ, ಹೊಸ ರಟ್ಟಿನಲ್ಲಿ ಅದೇ ಅಳತೆಗೆ ಇನ್ನೊಂದು ಮಾಡಿ ಕೊಟ್ಟಿದ್ದೇವೆ. ಪಾಸ್ಕದ ಗೀಟನ್ನು 2027ರ ಮಾರ್ಚ್ 28ಕ್ಕೆ ಇಟ್ಟಿದೆ: ಬೂದಿ ಫೆಬ್ರುವರಿ 10, ಪೆಂತೆಕೋಸ್ತ್ ಮೇ 16. ಮಾರ್ಚ್ 25 ಪವಿತ್ರ ಗುರುವಾರವಾದ್ದರಿಂದ ಮಂಗಳವಾರ್ತೆಯ ಹಬ್ಬ ಏಪ್ರಿಲ್ 5ಕ್ಕೆ ಸರಿಯುತ್ತದೆ. ಬಿಟ್ಟುಹೋಗುವುದು ಆರನೇ ವಾರ.

2027 ಮಾರ್ಕನ ವರ್ಷ. ಅವನ ಶುಭಸಂದೇಶ ಹದಿನಾರೇ ಅಧ್ಯಾಯ, ವರ್ಷಕ್ಕೆ ಸಾಲದು. ಅದಕ್ಕೆ 17ರಿಂದ 21ನೇ ಭಾನುವಾರದವರೆಗೆ ಯೊವಾನ್ನನ ಆರನೇ ಅಧ್ಯಾಯ, ರೊಟ್ಟಿಯ ಅಧ್ಯಾಯ, ಐದು ಕಂತಿನಲ್ಲಿ ಬರುತ್ತದೆ. ಜುಲೈ 25ಕ್ಕೆ ಶುರುವಾಗುವ ಆ ಕಂತುಗಳಲ್ಲಿ ನಾಲ್ಕನೆಯದು ಬೀಳುವುದು ಆಗಸ್ಟ್ 15ಕ್ಕೆ. ಆ ದಿನ ಮಾತೆಯ ಸ್ವರ್ಗಸ್ವೀಕಾರದ ಹಬ್ಬ ಮೇಲು, 20ನೇ ಭಾನುವಾರ ಬಿಟ್ಟುಹೋಗುತ್ತದೆ. ವಹಿಯ ಹೊಸ ಪುಟದಲ್ಲಿ ಮೊದಲ ಸಾಲು ಬರೆದಿದ್ದೇನೆ: ಯೊವಾನ್ನ 6, ವಚನ 51ರಿಂದ 58. ಆಗಸ್ಟ್ 14, ಶನಿವಾರ ಮಧ್ಯಾಹ್ನ, ಮಕ್ಕಳಿಗೆ ಓದಿಸಬೇಕು.